ಸೆರಗಿನ ಮರೆಯ ದನಿ

ಮಧ್ಯಾಹ್ನದ ಊಟವಾದ ಮೇಲೆ ಟೀವಿಯಲ್ಲಿ ಹಳೆಯ ಧಾರಾವಾಹಿಯೊಂದು ಮತ್ತೆ ಬರುತ್ತಿತ್ತು. ಅದರಲ್ಲಿ ನನ್ನ ಅಕ್ಕ ದೊಡ್ಡ ಮನೆಯೊಂದರ ಅಡುಗೆಯವಳು. ಅವಳು ತೀರಿಕೊಂಡು ಇನ್ನೂ ನಲವತ್ತನೆಯ ದಿನದ ಫಾತಿಹಾ ಓದಿಸಿರಲಿಲ್ಲ. ನಾನು ಪಾತ್ರೆ ತೊಳೆಯುವುದನ್ನು ಬಿಟ್ಟು ಒದ್ದೆ ಕೈಯಲ್ಲೇ ಬಂದು ನಿಂತೆ. ಅಕ್ಕ ಸಾರಿನ ಪಾತ್ರೆ ಹಿಡಿದು ಬಂದಳು. ಮನೆಯೊಡತಿಗೆ ಏನೋ ಬುದ್ಧಿ ಹೇಳಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

"ಅಮ್ಮಾ, ಆಪಾ ಬಂದಿದ್ದಾಳೆ," ಎಂದೆ. ನಮ್ಮ ಮನೆಯ ದಖನಿ ಮಾತಿನಲ್ಲಿ ಆಪಾ ಎಂದರೆ ಅಕ್ಕ. ನಾವು ಮನೆಯವರು ಆಡುವುದೆಲ್ಲ ದಖನಿಯೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಮ್ಮನಿಗೆ ಕಣ್ಣು ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಮೊದಲು ಒಂದು ಕಣ್ಣನ್ನು, ಆಮೇಲೆ ಇನ್ನೊಂದನ್ನು ತೆಗೆದುಕೊಂಡು ಹೋಯಿತು. ದಿವಾನದ ಮೇಲೆ ಕೂತು ತಸಬಿಯ ಜಪಮಣಿ ತಿರುಗಿಸುತ್ತಿದ್ದವಳು ಟೀವಿಯ ಕಡೆ ಕಿವಿ ಕೊಟ್ಟಳು.

"ಇನೋ ಕೌನ್?" ಅಂದಳು. ಇವಳು ಯಾರು ಎಂದು.

"ಆಪಾನೇ ಅಮ್ಮಾ. ಅಡುಗೆಯವಳ ಪಾರ್ಟು."

"ಮುಖ ಅವಳ್ದಿರಬಹುದು. ಮುಖ ತಗೊಂಡು ನಾನೇನ್ ಮಾಡ್ಲಿ? ದನಿ ಬೇರೆ ಯಾರ್ದೋ. ಆರ್ಸು."

ಆರಿಸಿದೆ. ಅಮ್ಮ ತಸಬಿಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಇಷ್ಟ್ ವರ್ಷ ಬಾಯಲ್ಲಿ ಮಾತಾಡ್ಕೊಂಡೇ ಬದುಕಿದ್ಲು. ಒಂದ್ ಮಾತೂ ಎಲ್ಲೂ ಉಳ್ದಿಲ್ವೇನೇ? ಎಲ್ಲಾದ್ರೂ ಇದ್ರೆ ಹುಡುಕು. ನನ್ಗೆ ಒಂದ್ಸಲ ಅವಳ್ ದನಿ ಕೇಳ್ಬೇಕು."

ಅದು ಸುಲಭದ ಕೆಲಸ ಎಂದುಕೊಂಡೆ. ಎಲ್ಲರ ದನಿಯೂ ಎಲ್ಲರ ಮೊಬೈಲಿನಲ್ಲಿ ಇರುವ ಕಾಲ ಇದು. ಇವಳಂತೂ ನಟಿ.

ಅಕ್ಕನಿಗೆ ಎರಡು ಹೆಸರಿದ್ದವು. ಅಪ್ಪ ಇಟ್ಟದ್ದು ಒಂದು, ನಾಟಕದ ಮೇಷ್ಟ್ರು ಇಟ್ಟದ್ದು ಇನ್ನೊಂದು. ಒಂದನ್ನು ಬರೆದರೆ ಇನ್ನೊಂದಕ್ಕೆ ಅನ್ಯಾಯವಾಗುತ್ತದೆ ಎಂದು ಎರಡನ್ನೂ ಇಲ್ಲಿ ಬರೆಯುವುದಿಲ್ಲ. ಅವಳನ್ನು ನೀವು ನೋಡಿಯೇ ಇರುತ್ತೀರಿ. ಸಿನಿಮಾದಲ್ಲಿ ನಾಯಕನ ಗೆಳೆಯನ ತಾಯಿ, ಹೆರಿಗೆ ವಾರ್ಡಿನ ಆಯಾ, ಹೆಣದ ಪಕ್ಕ ಕೂತು ಅಳುವ ನೆರೆಮನೆಯವಳು, ಬಾಗಿಲು ತೆರೆದು "ಯಾರು ಬೇಕಾಗಿತ್ತು?" ಎನ್ನುವವಳು. ಮುಖ ನೋಡಿದರೆ ಇವರನ್ನು ಎಲ್ಲೋ ನೋಡಿದ್ದೇನೆ ಅನ್ನಿಸುತ್ತದೆ. ಬಸ್ಸಿನಲ್ಲಿ ಅವಳನ್ನು ಎಷ್ಟೋ ಜನ ಹಾಗೆ ನೋಡುತ್ತಿದ್ದರು. "ನಿಮ್ದು ತುಮಕೂರಾ? ನಮ್ ದೊಡ್ಡಮ್ಮನ್ ಮನೆ ಕಡೆಯೋರಾ?" ಎಂದು ಕೇಳುತ್ತಿದ್ದರು. ಅವಳು "ಹೂಂ, ಅಲ್ಲೇ ಪಕ್ಕದ ಬೀದಿ" ಎಂದುಬಿಡುತ್ತಿದ್ದಳು.

ನಾವು ಬೆಳೆದದ್ದು ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ. ಅಪ್ಪ ಪವರ್‌ಲೂಮಿನಲ್ಲಿ ರಾತ್ರಿ ಪಾಳಿ ಮಾಡಿ ಬೆಳಗ್ಗೆ ಬಂದು ಮಲಗುತ್ತಿದ್ದರು. ನಮ್ಮ ಎರಡೂ ಪಕ್ಕದ ಮನೆಗಳಲ್ಲಿ ಮಗ್ಗ. ಹಗಲೆಲ್ಲ ಗೋಡೆ ನಡುಗುವಷ್ಟು ಸದ್ದು. ಆ ಸದ್ದಿನಲ್ಲಿ ಅಪ್ಪ ಮಗುವಿನ ಹಾಗೆ ಮಲಗುತ್ತಿದ್ದರು. ಮಗ್ಗ ನಿಂತರೆ ಎಚ್ಚರವಾಗುತ್ತಿತ್ತು, ಇಲ್ಲವೇ ಮನುಷ್ಯರ ಮಾತು ಕೇಳಿದರೆ. ಇರುವುದೊಂದೇ ಕೋಣೆ, ಅದರ ಮೂಲೆಯಲ್ಲೇ ಒಲೆ. ಹಾಗಾಗಿ ನಮ್ಮ ಮನೆಯಲ್ಲಿ ಹಗಲೆಲ್ಲ ಪಿಸುಮಾತು. ಜಗಳವೂ ಪಿಸುಮಾತಿನಲ್ಲೇ, ನಗುವೂ ಪಿಸುಮಾತಿನಲ್ಲೇ. ನನ್ನ ಗೆಳತಿಯರು ಬಂದರೆ ನಮ್ಮ ಮನೆಯಲ್ಲಿ ಯಾರಿಗೋ ಕಾಯಿಲೆ ಎಂದುಕೊಳ್ಳುತ್ತಿದ್ದರು.

ನಮ್ಮ ಹಿತ್ತಲಿಗೆ ಅಂಟಿದಂತೆ ನಾಟಕದ ಮೇಷ್ಟ್ರ ಮನೆ ಇತ್ತು. ನಮ್ಮ ಕಡೆ ಪೌರಾಣಿಕ ನಾಟಕ ಆಡುವವರು ಊರಿನ ರೈತರು. ಬೇಸಾಯ ಕಡಿಮೆಯಾದ ತಿಂಗಳುಗಳಲ್ಲಿ ಮೇಷ್ಟ್ರನ್ನು ಊರಿಗೆ ಕರೆಸಿಕೊಂಡು, ಹಾರ್ಮೋನಿಯಂ ಇಟ್ಟುಕೊಂಡು, ಹಾಡು ಮಾತು ಕಲಿಯುತ್ತಾರೆ. ರಾಜ, ಮಂತ್ರಿ, ಋಷಿ ಎಲ್ಲ ಊರಿನವರೇ. ಹೆಂಗಸರ ಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿಯರು ಬರುತ್ತಾರೆ. ಅವರು ನಾಟಕದ ದಿನ ಮಧ್ಯಾಹ್ನ ಬಂದು ಇಳಿದರೆ ಮಾರನೆಯ ಬೆಳಗ್ಗೆ ಇನ್ನೊಂದು ಊರಿಗೆ ಹೋಗಿಬಿಡುತ್ತಾರೆ. ಆಯಾ ಊರಿನವರ ಜೊತೆ ಅಭ್ಯಾಸವೇ ಇಲ್ಲದೆ ಅಂದೇ ರಂಗಕ್ಕೆ ಹತ್ತಬೇಕು. ಯಾರು ಎಲ್ಲಿ ನಿಲ್ಲುತ್ತಾನೋ, ಯಾರು ಯಾವ ಮಾತು ನುಂಗುತ್ತಾನೋ ಗೊತ್ತಿರುವುದಿಲ್ಲ. ಆದ್ದರಿಂದ ಒಳ್ಳೆಯ ನಟಿಯಾದವಳು ತನ್ನ ಮಾತಷ್ಟೇ ಅಲ್ಲ, ಎದುರಿನವನ ಮಾತನ್ನೂ ಪೂರ್ತಿ ಕಲಿತಿರಬೇಕು.

ಅಕ್ಕ ಶಾಲೆ ಬಿಟ್ಟು ಕಂಡಿಕೆ ಸುತ್ತುತ್ತಿದ್ದಳು, ಎಂದರೆ ಮಗ್ಗದ ಲಾಳಿಗೆ ಹಾಕುವ ನೂಲು ಸುತ್ತುವ ಕೆಲಸ. ಕೈ ಸುತ್ತುತ್ತಿದ್ದರೆ ಕಿವಿ ಹಿತ್ತಲಿನ ಗೋಡೆಯ ಆಚೆ ಇರುತ್ತಿತ್ತು. ಒಂದು ದಿನ ಮೇಷ್ಟ್ರ ಮನೆಯಲ್ಲಿ ಯಾರೋ ಮಾತು ಮರೆತು ನಿಂತರಂತೆ. ಗೋಡೆಯ ಈಚೆಯಿಂದ ಇವಳು ಹೇಳಿಬಿಟ್ಟಳು. ಮೇಷ್ಟ್ರು ಗೋಡೆಯ ಮೇಲಿಂದ ತಲೆ ಹಾಕಿ, "ಯಾರವ್ವಾ ಅದು, ದೆವ್ವಾನಾ?" ಎಂದರಂತೆ.

ಅವಳು ನಾಟಕಕ್ಕೆ ಹೋಗುತ್ತೇನೆ ಎಂದಾಗ ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಅಪ್ಪ, "ಮನೇಲಿ ಮಾತ್ರ ಸದ್ದು ಮಾಡ್ಬೇಡ," ಎಂದರು. ಅಷ್ಟೇ. ಅಪ್ಪ ತೀರಿಕೊಂಡ ಮೇಲೆ ಆ ಮಾತನ್ನು ಅಮ್ಮ ಹಿಡಿದುಕೊಂಡಳು. ಅವಳ ಕಾರಣ ಬೇರೆ. "ಹೋಗು, ಬಾ, ನಾನ್ ಬೇಡ ಅನ್ನಲ್ಲ. ಬೀದಿಯವ್ರಿಗೆ ಕೇಳಿಸ್ಬಾರ್ದು. ನಾಳೆ ಇವಳ್ ಮದುವೆ ಮಾಡ್ಬೇಕು," ಎಂದು ನನ್ನ ಕಡೆ ತೋರಿಸಿದಳು.

ಹೀಗೆ ಅಕ್ಕ ಇಡೀ ಇಡೀ ನಾಟಕಗಳನ್ನು ಪಿಸುಮಾತಿನಲ್ಲಿ ಕಲಿತಳು. ಅಮ್ಮ ರೊಟ್ಟಿ ಬಡಿಯುತ್ತಿದ್ದರೆ ಇವಳು ಒಲೆಯ ಪಕ್ಕ ಗೋಡೆಗೆ ಒರಗಿ ಕೂತು ತಾಯಿ ಪಾರ್ಟು, ಮಗನ ಪಾರ್ಟು ಎರಡನ್ನೂ ಹೇಳಿಕೊಳ್ಳುತ್ತಿದ್ದಳು. ಹೆಚ್ಚಾಗಿ ಅವಳಿಗೆ ಸಿಗುತ್ತಿದ್ದದ್ದು ತಾಯಿಯ ಪಾತ್ರ. ಹುಟ್ಟಿದ ಕೂಡಲೇ ಬಿಟ್ಟುಬಂದ ಮಗನ ಮುಂದೆ, ಯುದ್ಧ ಇನ್ನೇನು ಶುರುವಾಗುತ್ತದೆ ಎನ್ನುವಾಗ, ಕೈಚಾಚಿ ನಿಲ್ಲುವ ತಾಯಿ. ಇಪ್ಪತ್ತು ದಾಟುವ ಮೊದಲೇ ಅವಳು ಐವತ್ತು ವರ್ಷದ ಗಂಡಸರಿಗೆ ತಾಯಿಯಾದಳು. "ಏನ್ ಮಾಡ್ಲಿ, ನನ್ ದನಿ ದಪ್ಪ," ಎಂದು ನಗುತ್ತಿದ್ದಳು. ನಮಗೆ ಆ ದಪ್ಪ ದನಿ ಯಾವುದು ಎಂದೇ ಗೊತ್ತಿರಲಿಲ್ಲ. ಅಮ್ಮನ ಮುಂದೆ ಅವಳು ಕೊನೆಯವರೆಗೂ ಪಿಸುಮಾತಿನಲ್ಲೇ ಮಾತಾಡಿದಳು.

ನಾನು ಒಂದೇ ಒಂದು ಸಲ ಅದನ್ನು ಕೇಳಿದ್ದೇನೆ. ಹೊಸಕೋಟೆ ಕಡೆ ಅನುಗೊಂಡನಹಳ್ಳಿಯ ಹತ್ತಿರದ ಊರಿಗೆ ನಾಟಕಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ನಾನು ಶುರುವಾಗುವ ಮೊದಲೇ ಪೆಟ್ಟಿಗೆಗಳ ಮೇಲೆ ನಿದ್ದೆ ಹೋದೆ. ಎಚ್ಚರವಾದಾಗ ಬೆಳಕು ಹರಿಯುತ್ತಿತ್ತು, ನಾಟಕ ಇನ್ನೂ ನಡೆಯುತ್ತಿತ್ತು. ಯಾರೋ ಹೆಂಗಸು ಹಾಡುತ್ತಿದ್ದಳು. ಆ ದನಿ ಶಾಮಿಯಾನ ದಾಟಿ, ರಾಗಿ ಹೊಲ ದಾಟಿ ಹೋಗುತ್ತಿತ್ತು. ನಾನು ಅಕ್ಕನನ್ನು ಹುಡುಕಿಕೊಂಡು ಪರದೆಯ ಸಂದಿಯಿಂದ ನೋಡಿದೆ. ಹಾಡುತ್ತಿದ್ದವಳು ಅವಳೇ. ನನಗೆ ಭಯವಾಯಿತು. ಅಷ್ಟು ದೊಡ್ಡದು ಅಷ್ಟು ಚಿಕ್ಕ ಮೈಯೊಳಗೆ ಎಲ್ಲಿತ್ತು ಎಂದು.

ಬರುವಾಗ ಬಸ್ಸಿನಲ್ಲಿ ಅವಳು ತನ್ನ ಒಂದು ಉಪಾಯ ಹೇಳಿದಳು. ರಾಜನಾದ ರೈತ ಮಾತು ಮರೆತು ಕಣ್ಣು ಕಣ್ಣು ಬಿಟ್ಟರೆ ಇವಳು ಅಳುವವಳ ಹಾಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಅವನ ಭುಜದ ಹತ್ತಿರ ತಲೆ ಬಗ್ಗಿಸಿ, ಸೆರಗಿನ ಮರೆಯಲ್ಲಿ ಅವನ ಮಾತನ್ನು ಪಿಸುಗುಟ್ಟುತ್ತಿದ್ದಳು. ಜನಕ್ಕೆ ಅದು ಅಳು. ಅವನಿಗೆ ಅದು ಮುಂದಿನ ಸಾಲು.

"ನಿಜವಾಗ್ಲೂ ಅಳು ಬರಲ್ವಾ ಆಪಾ?"

"ಅಳಕ್ಕೆ ಟೈಮೆಲ್ಲೇ ಇರುತ್ತೆ? ಒಬ್ಬೊಬ್ಬ ಅರ್ಧ ನಾಟಕ ಮರ್ತಿರ್ತಾನೆ."

ಆ ಸೆರಗಿನ ಅಳುವೇ ಅವಳನ್ನು ಸಿನಿಮಾಕ್ಕೆ ಕರೆದೊಯ್ದದ್ದು. ಯಾವುದೋ ಊರಿನ ನಾಟಕಕ್ಕೆ ನೆಂಟರ ಮನೆಗೆ ಬಂದಿದ್ದ ಸಹಾಯಕ ನಿರ್ದೇಶಕನೊಬ್ಬ ನೋಡಿ, ಈಯಮ್ಮ ಎಷ್ಟು ಸಹಜವಾಗಿ ಅಳ್ತಾರೆ ಎಂದು ಕರೆಸಿದ. ಅಲ್ಲಿಂದ ಮುಂದೆ ಕ್ಯಾಮೆರಾ ಎದುರು ಅವಳ ಕೆಲಸ ಬಹುತೇಕ ಅದೇ ಆಯಿತು. ಸೆರಗು ಬಾಯಿಗೆ, ತಲೆ ಬಗ್ಗಿಸು. ಅಲ್ಲಿ ಮರೆತವರಿಗೆ ಮಾತು ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿ ಇವಳ ಮಾತೇ ಯಾರಿಗೂ ಬೇಕಾಗಿರಲಿಲ್ಲ.

ಮೊದಲ ಸಿನಿಮಾ ಬಂದಾಗ ದೊಡ್ಡಬಳ್ಳಾಪುರದ ಟಾಕೀಸಿಗೆ ಅಮ್ಮ, ನಾನು, ಅಕ್ಕ ಮೂವರೂ ಹೋದೆವು. ನಾಟಕಕ್ಕೆ ಬಾರದ ಅಮ್ಮ ಸಿನಿಮಾಕ್ಕೆ ಬಂದಳು. "ಇಲ್ಲಿ ಕತ್ಲು. ಯಾರ್ ಬಂದ್ರು ಯಾರ್ಗೂ ಕಾಣಲ್ಲ," ಎನ್ನುವುದು ಅವಳ ಲೆಕ್ಕ. ಆಗ ಅವಳ ಕಣ್ಣು ಚೆನ್ನಾಗಿತ್ತು. ಪರದೆಯ ಮೇಲೆ ಅಕ್ಕ ಬಂದು ಬಾಯಿ ತೆರೆದಳು, ತೆಳ್ಳಗಿನ ಬೇರೆ ಯಾವುದೋ ದನಿ ಬಂತು. ಅಮ್ಮ ಬೆಚ್ಚಿ ಪಕ್ಕದಲ್ಲಿ ಕೂತ ಅಕ್ಕನನ್ನು ಮುಟ್ಟಿ ನೋಡಿದಳು.

"ಯೇ ಕಿಸ್‌ಕಾ ಆವಾಜ್?" ಇದು ಯಾರ ದನಿ?

"ಬಾಡಿಗೆದು ಅಮ್ಮಾ," ಎಂದು ಅಕ್ಕ ಕಿವಿಯಲ್ಲಿ ಹೇಳಿದಳು. "ತಾಯಿ ದನಿ ಮೆತ್ತಗಿರ್ಬೇಕಂತೆ. ನಂದು ಡಂಗುರ ಸಾರೋರ್ ಥರ ಇದೆಯಂತೆ. ನಾಟಕದಲ್ಲಿ ದೂರದಲ್ಲಿ ಕೂತೋರ್ಗೆ ನನ್ ಮುಖ ಕಾಣಲ್ಲ, ದನಿ ಮಾತ್ರ. ಇಲ್ಲಿ ಮುಖ ಮಾತ್ರ, ದನಿ ಇಲ್ಲ. ಎರಡನ್ನೂ ಯಾರಾದ್ರೂ ಸೇರ್ಸಿದ್ರೆ ಒಬ್ಳು ಪೂರ್ತಿ ನಟಿ ಆಗ್ತಾಳೆ."

ಅದನ್ನು ತಮಾಷೆಗೆ ಹೇಳಿದಳು. ಆದರೆ ಒಮ್ಮೆ, ಧಾರಾವಾಹಿಗಳು ಶುರುವಾದ ಮೇಲೆ, ತನ್ನ ಪಾತ್ರಕ್ಕೆ ತಾನೇ ದನಿ ಕೊಡುತ್ತೇನೆ ಎಂದು ಕೇಳಿದ್ದಳಂತೆ. ಗಾಜಿನ ಕೋಣೆಯಲ್ಲಿ ನಿಲ್ಲಿಸಿ ಅರ್ಧ ಪುಟ ಓದಿಸಿದರಂತೆ. ಅದಾದ ಮೇಲೆ ಮತ್ತೆ ಕರೆಯಲಿಲ್ಲ. ಇವಳು ಮತ್ತೆ ಕೇಳಲೂ ಇಲ್ಲ.

ನಾಟಕಕ್ಕೆ ಮಾತ್ರ ಅವಳು ಅಮ್ಮನನ್ನು ವರ್ಷಕ್ಕೊಮ್ಮೆಯಾದರೂ ಕರೆಯುತ್ತಿದ್ದಳು. "ಕಾರ್ ಕಳಿಸ್ತಾರಂತೆ ಅಮ್ಮಾ. ಹಿಂದ್ಗಡೆ ಕುರ್ಚಿ ಹಾಕಿಸ್ತೀನಿ. ಬುರ್ಖಾ ಹಾಕ್ಕೊಂಡ್ ಕೂತ್ಕೋ, ಯಾರ್ಗೂ ಗೊತ್ತಾಗಲ್ಲ." ಅಮ್ಮ, "ಮುಂದಿನ್ ಸಲ ನೋಡಣ," ಎನ್ನುತ್ತಿದ್ದಳು. ನನ್ನ ಮದುವೆಯಾಗಲಿ ಎಂದಳು. ನನ್ನ ಮದುವೆಯಾಗಿ ನಾನು ನೆಲಮಂಗಲಕ್ಕೆ ಬಂದೆ. ನನಗೊಂದು ಮಗುವಾಗಲಿ ಎಂದಳು. ಆಯಿತು. ಅಷ್ಟರಲ್ಲಿ ಕಣ್ಣು ಮಂಜಾಗಿ ಅಮ್ಮನೂ ನನ್ನ ಮನೆಗೆ ಬಂದಳು. "ಈಗ ಬಂದ್ ಏನ್ ನೋಡ್ಲಿ?" ಎಂದಳು. ಅಕ್ಕ, "ನೋಡ್ಬೇಡ, ಕೇಳು," ಎಂದಿದ್ದಳು. ಈ ಸಲ ಮಳೆಗಾಲದ ಕೊನೆಗೆ ಅಕ್ಕನಿಗೆ ಜ್ವರ ಬಂತು, ಜ್ವರ ಎದೆಗೆ ಇಳಿಯಿತು. ಆಸ್ಪತ್ರೆಯಲ್ಲಿ ಬಾಯಿಗೆ ಕೊಳವೆ ಹಾಕಿದ ಮೇಲೆ ಅವಳು ಮಾತಾಡಲೇ ಇಲ್ಲ.

ಅಮ್ಮ ಹುಡುಕು ಎಂದ ಮೇಲೆ ಮೊದಲು ನಾನು ಅಕ್ಕನ ಮೊಬೈಲ್ ನೋಡಿದೆ. ಅವಳು ಮೊಬೈಲಿನಲ್ಲಿ ಮಾತಾಡುತ್ತಿದ್ದಳು, ಇಲ್ಲವೇ ಹೂವಿನ ಚಿತ್ರದ ಶುಭೋದಯ ಕಳಿಸುತ್ತಿದ್ದಳು. ದನಿ ಕಳಿಸಿದವಳೇ ಅಲ್ಲ. ಶೂಟಿಂಗಿನಲ್ಲಿ ಯಾರೋ ತೆಗೆದ ಒಂದು ವಿಡಿಯೋ ಇತ್ತು. ಅದರಲ್ಲಿ ಅವಳು ಟೀ ಲೋಟ ಹಿಡಿದು ಏನೋ ಹೇಳಿ ನಗುತ್ತಾಳೆ, ಜನರೇಟರಿನ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ಧಾರಾವಾಹಿಯ ಆಫೀಸಿಗೆ ಫೋನ್ ಮಾಡಿದೆ. ಸೆಟ್ಟಿನಲ್ಲಿ ಹಿಡಿದ ಮೂಲ ದನಿಯನ್ನು ಡಬ್ಬಿಂಗ್ ಆದ ಮೇಲೆ ಇಟ್ಟುಕೊಳ್ಳುವುದಿಲ್ಲ ಎಂದರು.

ಕೊನೆಗೆ ಮೇಷ್ಟ್ರು. ಅವರೀಗ ದೇವನಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಫೋನಿನಲ್ಲಿ ನಾನು ಯಾರು ಎಂದು ಹೇಳಿದ ಕೂಡಲೇ ಅತ್ತರು. ಅತ್ತು ಮುಗಿಸಿ, "ರೆಕಾರ್ಡು ಗಿಕಾರ್ಡು ನಾನ್ ಇಟ್ಕೊಂಡೋನಲ್ಲವ್ವ. ತ್ಯಾಮಗೊಂಡ್ಲು ಕಡೆ ಒಬ್ರು ತೋಟದ ಯಜಮಾನ್ರು ಅವ್ರೆ. ಮಗನ್ ಪಾರ್ಟು ಅಂದ್ರೆ ಅವ್ರಿಗೆ ಪ್ರಾಣ. ಪ್ರತಿ ಸಲಾನೂ ವಿಡಿಯೋ ಮಾಡಿಸ್ಕೊತಿದ್ರು. ತಾಯಿ ಪಾರ್ಟಿಗೆ ನಿಮ್ಮಕ್ಕನೇ ಆಗ್ಬೇಕು ಅಂತ ಹಟ ಮಾಡೋರು," ಎಂದು ನಂಬರ್ ಕೊಟ್ಟರು.

ಯಜಮಾನರು ಫೋನಿನಲ್ಲಿ, "ಅಯ್ಯೋ, ಬನ್ನಿ ತಾಯಿ, ಬನ್ನಿ. ಇಡೀ ನಾಟ್ಕ ಐತೆ," ಎಂದರು. ವಿಡಿಯೋ ಫೋನಿಗೆ ಕಳಿಸುವುದು ಅವರಿಗೆ ಬರುತ್ತಿರಲಿಲ್ಲ. ಅಮ್ಮನಿಗೆ ಹೇಳಿದೆ. ನಾನೊಬ್ಬಳೇ ಹೋಗಿ ತರುತ್ತೇನೆ ಎಂದರೆ ಕೇಳಲಿಲ್ಲ. "ನಾನೂ ಬರ್ತೀನಿ," ಎಂದು ಬುರ್ಖಾ ಕೇಳಿದಳು.

ಗೋಡೌನಿನಲ್ಲಿ ಕೆಲಸ ಮಾಡುವ ನನ್ನ ಗಂಡ ಭಾನುವಾರ ಗೆಳೆಯನ ಆಟೋ ತಂದರು. ಹೈವೇಯ ಲಾರಿಗಳ ನಡುವಿನಿಂದ ಬಿಡಿಸಿಕೊಂಡು ತ್ಯಾಮಗೊಂಡ್ಲು ರಸ್ತೆಗೆ ತಿರುಗಿದ ಮೇಲೆ ಅಮ್ಮ, "ಇದೇ ರಸ್ತೇಲಿ ಬರ್ತಿದ್ಲಾ?" ಎಂದಳು. ಹೌದು ಎಂದೆ.

ತೆಂಗಿನ ತೋಟದ ಪಕ್ಕ ಹೊಸ ಮನೆ. ಬಾಗಿಲ ಮೇಲೆ ಯಜಮಾನರು ಕಿರೀಟ ಇಟ್ಟುಕೊಂಡು ಬಿಲ್ಲು ಹಿಡಿದ ಫೋಟೋ. ಬುರ್ಖಾ ಹಾಕಿದ ನಮ್ಮಿಬ್ಬರನ್ನು ನೋಡಿ ಅವರು ಒಂದು ಗಳಿಗೆ ತಡೆದರು. ಅಕ್ಕನ ನಾಟಕದ ಹೆಸರಷ್ಟೇ ಅವರಿಗೆ ಗೊತ್ತಿದ್ದದ್ದು ಎಂದು ಆಗ ನನಗೆ ಹೊಳೆಯಿತು. ಅವರು ಅಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಸೋಫಾದ ಮೇಲೆ ಕೂರಿಸಿದರು.

"ನಮ್ಮೂರಲ್ಲೆಲ್ಲ ಅವ್ರನ್ನ ತಾಯಿ ಅಂತ್ಲೇ ಕರೀತಿದ್ದಿದ್ದು. ಆ ತಾಯಿಗೂ ಒಬ್ರು ತಾಯಿ ಅವ್ರೆ ಅಂತ ತಲೆಗೇ ಹೋಗಿರ್ಲಿಲ್ಲ ನೋಡಿ," ಎಂದರು.

ಅವರ ಹೆಂಡತಿ ಮಜ್ಜಿಗೆ ತಂದರು. ಯಜಮಾನರು ಟೀವಿಗೆ ಪೆನ್‌ಡ್ರೈವ್ ಚುಚ್ಚುತ್ತಿದ್ದುದನ್ನು ನೋಡಿ, "ಇನ್ ಶುರುವಾಯ್ತು. ಕಾಯಿ ಕೀಳಕ್ ಬಂದೋನ್ಗೂ ಇದನ್ ತೋರಿಸ್ದೆ ಕಳ್ಸಕಿಲ್ಲ ಇವ್ರು," ಎಂದರು.

"ಲೇ, ಇವತ್ ಅವ್ರೇ ಕೇಳ್ಕೊಂಡ್ ಬಂದವ್ರೆ ಕಣೆ."

"ಅವ್ರು ಬಂದಿರೋದು ಆಯಮ್ಮನ್ ನೋಡಕ್ಕೆ. ನಿಮ್ ಮೀಸೆ ನೋಡಕ್ಕಲ್ಲ."

ಯಜಮಾನರು ನೇರ ತಾಯಿ ಮಗನ ದೃಶ್ಯಕ್ಕೆ ಓಡಿಸಿದರು. ಹಿಂದೆ ನದಿಯ ಪರದೆ. ಬಿಳಿ ಸೀರೆಯಲ್ಲಿ ಅಕ್ಕ ಬಂದಳು. ಹಾರ್ಮೋನಿಯಂ ಎತ್ತಿಕೊಂಡಿತು. ಅವಳು ಹಾಡಿದಳು. ಅನುಗೊಂಡನಹಳ್ಳಿಯ ಆ ಬೆಳಗಿನ ದನಿ. ಅಮ್ಮನ ಕಡೆ ನೋಡಿದೆ. ಅವಳು ಮುಂದಕ್ಕೆ ಬಾಗಿ, ಹುಬ್ಬು ಗಂಟು ಹಾಕಿಕೊಂಡು ಕೇಳುತ್ತಿದ್ದಳು.

ಹಾಡು ಏರುತ್ತಿದ್ದಂತೆ ಮೈಕಿನಲ್ಲಿ ಇನ್ನೊಂದು ದನಿ ನುಗ್ಗಿತು. ಮಗನ ಪಾತ್ರಧಾರಿಗಳಿಗೆ ಅವರ ಭಾವಮೈದುನರಿಂದ ಹಾರ, ಶಾಲು ಎಂದು. ನಮ್ಮ ಕಡೆಯ ನಾಟಕಗಳಲ್ಲಿ ಇದು ಪದ್ಧತಿ. ದೃಶ್ಯದ ನಡುವೆಯೇ ನೆಂಟರು ರಂಗಕ್ಕೆ ಹತ್ತಿ ಹಾರ ಹಾಕುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಬಂದರು. ಅಕ್ಕ ಕೈಚಾಚಿದವಳು ಹಾಗೇ ನಿಂತಿದ್ದಳು. ಯಜಮಾನರು ಸಂಕೋಚದಿಂದ, "ಇದೊಂದ್ ಸ್ವಲ್ಪ ಜಾಸ್ತಿ ಆಯ್ತು," ಎಂದರು. ಹಾರಗಳು ಮುಗಿದ ಮೇಲೆ ಅವಳು ಬಿಟ್ಟಲ್ಲಿಂದಲೇ ಮತ್ತೆ ಎತ್ತಿಕೊಂಡಳು. ಇನ್ನೂ ಮೇಲೆ ಹೋದಳು.

"ಅಮ್ಮಾ," ಎಂದೆ.

ಅಮ್ಮ ತಲೆ ಅಲ್ಲಾಡಿಸಿದಳು. "ಇದೂ ಅವಳಲ್ಲ."

"ಅವಳೇ ಅಮ್ಮಾ. ನಾನ್ ಕೇಳಿದೀನಿ. ಇದೇ ಅವಳ್ ದನಿ."

"ನನ್ ಮಗಳ್ನ ನನ್ಗೆ ಹೇಳ್ಕೊಡ್ಬೇಡ," ಎಂದು ಹಿಂದಕ್ಕೆ ಒರಗಿದಳು. ಮುಖ ಚಿಕ್ಕದಾಗಿತ್ತು. "ನಡಿ, ಹೋಗಣ."

ಯಜಮಾನರಿಗೆ ನಮ್ಮ ದಖನಿ ಮಾತು ಅರ್ಥವಾಗಲಿಲ್ಲ. ಏನಂತೆ ಎಂದು ಕೇಳಿದರು. ನಾನು ಹೇಳಿದೆ. ಅವರು ಪೆಚ್ಚಾಗಿ ರಿಮೋಟ್ ಒತ್ತಿ ಮುಂದಕ್ಕೆ ಓಡಿಸತೊಡಗಿದರು. ತಡೆದದ್ದು ಅವರ ಹೆಂಡತಿ.

"ಯಾಕ್ರೀ ಅಲ್ಲೇ ಓಡ್ಸಿದ್ರಿ? ಅಲ್ಲೂ ಆಯಮ್ಮ ಮಾತಾಡ್ತಾಳೆ."

"ಅಲ್ಲಿ ಸೌಂಡ್ ಸರಿಯಿಲ್ಲ ಕಣೆ."

"ಸೌಂಡ್ ಸರಿಯಾಗೇ ಐತೆ. ಸರಿಯಿಲ್ದೆ ಇರೋದು ನೀವು. ಮಾತು ಮರ್ತ್ ನಿಂತಿದ್ದು ಊರಿಗೇ ಗೊತ್ತೈತೆ, ಇವ್ರಿಬ್ರಿಗೆ ಗೊತ್ತಾದ್ರೆ ಏನ್ ಮುಳುಗೋಯ್ತದೆ? ಹಾಕಿ."

ಯಜಮಾನರ ಮುಖ ಕೆಂಪಾಯಿತು. ಆದರೂ ಹಿಂದಕ್ಕೆ ತಂದು ಬಿಟ್ಟರು.

ಪರದೆಯ ಮೇಲೆ ಮಗ ಕಂಚಿನ ಕಂಠದಲ್ಲಿ ಗರ್ಜಿಸುತ್ತಿದ್ದವನು ಇದ್ದಕ್ಕಿದ್ದಂತೆ ನಿಂತ. ಹಾರ್ಮೋನಿಯಂ ಕೂಡ ನಿಂತಿತು. ಜನ ಕೆಮ್ಮುವುದು ಕೇಳುತ್ತಿತ್ತು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು, ಅವನ ಭುಜದ ಕಡೆ ತಲೆ ಬಗ್ಗಿಸಿದಳು. ಇಬ್ಬರ ತಲೆಯ ಮೇಲೆ ಮೈಕು ತೂಗುತ್ತಿತ್ತು. ಅದರಲ್ಲಿ ಒಂದು ಪಿಸುಮಾತು ಸ್ಪಷ್ಟವಾಗಿ ಬಂತು.

"ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ ನಾನು. ಆದರೆ ತಾಯೇ..."

"ಹೌ," ಎಂದಳು ಅಮ್ಮ. ಎದ್ದೇ ನಿಂತಳು. ಕೈ ಮುಂದಕ್ಕೆ ಚಾಚಿ ಗಾಳಿಯಲ್ಲಿ ತಡಕಾಡಿದಳು. ನಾನು ಹಿಡಿದುಕೊಂಡೆ. "ಇವಳೇ. ಇವಳೇ. ಮತ್ತೆ ಹಾಕಕ್ ಹೇಳು."

ಯಜಮಾನರು ಮತ್ತೆ ಹಾಕಿದರು. ತಾವು ಮಾತು ಮರೆತು ಕಣ್ಣು ಬಿಡುವುದನ್ನು ನಮ್ಮೆದುರು ಮತ್ತೆ ನೋಡಿದರು. ಅಮ್ಮ ಇನ್ನೊಂದು ಸಲ ಎಂದಳು. ಅವರು ಮತ್ತೆ ಹಾಕಿದರು. ಎಷ್ಟು ಸಲ ಆಯಿತೋ. ಅವರ ಹೆಂಡತಿ ಗೋಡೆಗೆ ಒರಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅಕ್ಕನ ಪಿಸುಮಾತು "ಆದರೆ ತಾಯೇ" ಎಂದು ಮುಗಿಯುವ ಹೊತ್ತಿಗೆ, ಮಗ ಇನ್ನೂ ಬಾಯಿ ತೆರೆಯುವ ಮೊದಲು, ನನ್ನ ಪಕ್ಕದಿಂದ ಅಮ್ಮ ಅದೇ ಪಿಸುಮಾತಿನಲ್ಲಿ ಹೇಳಿದಳು:

"ನೀನು ಬಂದ ಹೊತ್ತು ನೋಡು."

ಪುಸ್ತಕದ ಕನ್ನಡ. ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಕೇಳುವಷ್ಟೇ ಕನ್ನಡ ಬರುವ ನನ್ನ ಅಮ್ಮನ ಬಾಯಲ್ಲಿ. ಯಜಮಾನರು ತಿರುಗಿ ನೋಡಿದರು. "ಅದೇ. ಅದೇ ನನ್ ಸಾಲು," ಎಂದರು.

ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಅವಳು ಕೇಳಿಸಿಕೊಳ್ಳುತ್ತಿದ್ದಳು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಗೊತ್ತಿದ್ದಿದ್ದರೆ ಅವಳು ಎಂದಾದರೂ ಹೇಳಿ ನಗುತ್ತಿದ್ದಳು.

ಅಮ್ಮ ಕೂತಳು. ನನ್ನ ಮೊಣಕೈ ಹಿಡಿದು ಕೇಳಿದಳು.

"ಹಾಗಾದ್ರೆ ಮೊದ್ಲು ಹಾಡಿದ್ಲಲ್ಲ, ಆ ಜೋರ್ ದನಿಯವ್ಳು. ಅವ್ಳೂ ಇವ್ಳೇನಾ?"

"ಹೂಂ ಅಮ್ಮಾ."

"ಅಷ್ಟ್ ಜೋರಾಗಿ ಹಾಡೋಳಾ?"

"ಊರಾಚೆ ಹೊಲದವರ್ಗೂ ಕೇಳೋದು."

ಅಮ್ಮ ಬುರ್ಖಾದ ಅಂಚನ್ನು ಬೆರಳಿನಲ್ಲಿ ಸುತ್ತುತ್ತ ಕೂತಿದ್ದಳು. "ನಾನು ಬರಬಹುದಿತ್ತು," ಎಂದಳು. "ಹಿಂದ್ಗಡೆ ಕುರ್ಚಿ ಹಾಕಿಸ್ತೀನಿ ಅಂದಿದ್ಲು." ಆಮೇಲೆ, "ಆ ಹಾಡು ಹಾಕಕ್ ಹೇಳು," ಎಂದಳು.

ಯಜಮಾನರು ಪೆನ್‌ಡ್ರೈವನ್ನೇ ನನ್ನ ಕೈಯಲ್ಲಿ ಇಟ್ಟರು. ಬೇಡ, ಒಂದು ಪ್ರತಿ ಮಾಡಿಸಿಕೊಂಡು ವಾಪಸ್ ಕೊಡುತ್ತೇವೆ ಎಂದೆ. "ಇರ್ಲಿ ಬಿಡಿ ತಾಯಿ. ನನ್ ಮೀಸೆ ಫೋಟೋದಲ್ಲೈತಲ್ಲ, ಸಾಕು," ಎಂದರು. ಹೆಂಡತಿ ಆಟೋದೊಳಗೆ ಎಳನೀರು ಇಟ್ಟರು.

ಈಗ ನಮ್ಮ ಮನೆಯಲ್ಲಿ ದಿನವೂ ಮಧ್ಯಾಹ್ನ, ಮೊದಲು ಧಾರಾವಾಹಿ ಬರುತ್ತಿದ್ದ ಹೊತ್ತಿಗೆ, ಅಮ್ಮ ಫ್ಯಾನ್ ಆರಿಸಲು ಹೇಳುತ್ತಾಳೆ. ಪಿಸುಮಾತಿನ ಜಾಗವನ್ನು ಅವಳು ಒಂದು ಸಲ ಮಾತ್ರ ಕೇಳುತ್ತಾಳೆ. ಹಾಡನ್ನೇ ಮತ್ತೆ ಮತ್ತೆ ಹಾಕಿಸುತ್ತಾಳೆ. ಭಾವಮೈದುನರ ಹಾರಗಳು ಬಂದು ಹೋಗುವ ತನಕ ತಲೆ ತಗ್ಗಿಸಿ ಕಾಯುತ್ತಾಳೆ. ದನಿ ಮೇಲೇರುವಾಗ ಅವಳ ಮುಖ ಅಂದು ಪರದೆಯ ಸಂದಿಯಲ್ಲಿ ನಿಂತ ನನ್ನ ಮುಖದ ಹಾಗೆ ಆಗುತ್ತದೋ ಏನೋ, ಸ್ವಲ್ಪ ಹೆದರಿಕೆ, ಸ್ವಲ್ಪ ಬೆರಗು. ನಿನ್ನೆ ಪಕ್ಕದ ಮನೆಯವರು ಬಾಗಿಲು ತಟ್ಟಿ, ಟೀವಿ ಸ್ವಲ್ಪ ಸಣ್ಣಗೆ ಇಟ್ಟುಕೊಳ್ಳಿ ಎಂದರು. ನಾನು ರಿಮೋಟ್ ಎತ್ತಿಕೊಂಡೆ.

"ನಕ್ಕೋ," ಎಂದಳು ಅಮ್ಮ. ಬೇಡ ಎಂದು. "ಕೇಳ್ಲಿ ಬಿಡು ಬೀದಿಯವ್ರಿಗೂ."

ಹಾಡು ಮುಗಿದ ಮೇಲೆ, "ಅಭ್ಯಾಸ ಆಯ್ತಾ ಅಮ್ಮಾ?" ಎಂದು ಕೇಳಿದೆ.

"ಇನ್ನೂ ಇಲ್ಲ," ಎಂದಳು. "ಪರಿಚಯ ಆಗ್ತಿದೆ."